ಸೌರಕಲೆಯ ಫೋಟೋಗೆ ದೊಡ್ಡ ಟೆಲಿಸ್ಕೋಪ್ ಬೇಕಾ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಹತ್ತಿರ 70 ಮಿ.ಮೀ. ಲೆನ್ಸಿನ, 700 ಮಿ.ಮೀ. ಫೋಕಲ್ ಲೆಂತ್ ಇರುವ ಸಣ್ಣ ರಿಫ್ರ್ಯಾಕ್ಟರ್ ಟೆಲಿಸ್ಕೋಪ್ ಇದೆ. ಅದರ ಡಬ್ಬಿಯಲ್ಲೇ ‘ಸನ್’ ಎಂದು ಬರೆದಿದ್ದ ಒಂದು ಪುಟ್ಟ ಕಪ್ಪು ಗಾಜು ಬಂದಿತ್ತು. ಅದನ್ನು ಐಪೀಸಿಗೆ (ಕಣ್ಣಿಡುವ ಕಡೆಯ ಸಣ್ಣ ಲೆನ್ಸಿಗೆ) ತಿರುಗಿಸಿ ಹಾಕಿ, ಮಧ್ಯಾಹ್ನ ಸ್ಕೂಲಿನ ತಾರಸಿ ಮೇಲೆ ಫೋನಿನಿಂದ ಸೂರ್ಯನ ಫೋಟೋ ತೆಗೆದೆ. ಬಂದಿದ್ದು ಒಂದು ಮಸುಕಾದ ಹಳದಿ ಬಿಲ್ಲೆ, ಅಷ್ಟೇ. ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಆದರೆ ಎಲ್ಲ ಫೋಟೋದಲ್ಲೂ ಅದು ಒಂದೇ ಜಾಗದಲ್ಲಿದೆ. ಅದು ಸೌರಕಲೆಯೋ, ಅಂದರೆ ಸೂರ್ಯನ ಮೇಲಿನ ಮಚ್ಚೆಯೋ, ಇಲ್ಲಾ ದೂಳೋ? ಕಲೆಗಳು ಸ್ಪಷ್ಟವಾಗಿ ಬರಬೇಕಾದರೆ 8 ಇಂಚಿನ ಟೆಲಿಸ್ಕೋಪ್ ಕೊಳ್ಳಬೇಕಾ? ಗೆಳೆಯರೊಬ್ಬರ ಡಿಎಸ್‌ಎಲ್‌ಆರ್ ಕೂಡ ಸಿಗುತ್ತದೆ. ಮಕ್ಕಳಿಗೂ ತೋರಿಸಬೇಕು. ಇಂಥ ಫೋಟೋಗಳಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಮೇಷ್ಟ್ರೇ, ಟೆಲಿಸ್ಕೋಪಿನ ಮಾತು ಆಮೇಲೆ. ಮೊದಲು ಆ ಕಪ್ಪು ಗಾಜನ್ನು ಐಪೀಸಿನಿಂದ ಬಿಚ್ಚಿ. ಇವತ್ತೇ ಬಿಚ್ಚಿ. ಸುಮ್ನೆ ಕಸದ ಬುಟ್ಟಿಗೆ ಹಾಕಬೇಡಿ, ಯಾವುದಾದರೂ ಮಗುವಿನ ಕೈಗೆ ಸಿಗುತ್ತದೆ. ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದು ಎಸೆಯಿರಿ.

ಯಾಕೆ ಇಷ್ಟು ಗಾಬರಿ ಅಂತೀರಾ? 70 ಮಿ.ಮೀ. ಲೆನ್ಸ್ ಹಿಡಿದ ಬಿಸಿಲೆಲ್ಲ ಸೇರುವುದು ಐಪೀಸಿನ ಹತ್ತಿರ. ಭೂತಗನ್ನಡಿಯಲ್ಲಿ ಕಾಗದ ಸುಡುವುದನ್ನು ನೀವೇ ಮಕ್ಕಳಿಗೆ ತೋರಿಸಿರುತ್ತೀರಿ. ಆ ಪುಟ್ಟ ಗಾಜು ಕೂತಿರುವುದು ಹೆಚ್ಚುಕಡಿಮೆ ಆ ಕಾಗದದ ಜಾಗದಲ್ಲಿ. ಕಾದು ಕಾದು ಯಾವುದೋ ಒಂದು ಕ್ಷಣದಲ್ಲಿ ಅದು ಚಟ್ ಎಂದು ಸೀಳುತ್ತದೆ. ಮುನ್ಸೂಚನೆ ಇರುವುದಿಲ್ಲ. ಆಗ ಐಪೀಸಿನಲ್ಲಿ ಕಣ್ಣಿಟ್ಟವರಿಗೆ ಕಣ್ಣು ಮುಚ್ಚುವಷ್ಟು ಸಮಯವೂ ಸಿಗುವುದಿಲ್ಲ. ಇನ್ನೊಂದು ವಿಷಯ ಏನೆಂದರೆ, ರೆಟಿನಾದಲ್ಲಿ ನೋವು ತಿಳಿಸುವ ನರ ಇಲ್ಲ. ಸುಟ್ಟಿದ್ದು ಗೊತ್ತಾಗುವುದು ಆಮೇಲೆ, ಕಣ್ಣಿನ ನಡುವೆ ಕಪ್ಪು ಮಚ್ಚೆ ನಿಂತಾಗ. ನೀವು ಇಟ್ಟಿದ್ದು ಕಣ್ಣಲ್ಲ, ಫೋನು, ನಿಜ. ಆದರೆ ಫೋಕಸ್ ನೋಡೋಣ ಎಂದು ಒಂದು ಸಲ ಬಗ್ಗಿದರೂ ಸಾಕಲ್ವಾ?

ಸೂರ್ಯನ ಫಿಲ್ಟರ್ ಇರಬೇಕಾದದ್ದು ಟೆಲಿಸ್ಕೋಪಿನ ಮೂತಿಯಲ್ಲಿ, ದೊಡ್ಡ ಲೆನ್ಸಿಗಿಂತ ಮುಂದೆ. ಬಿಸಿಲು ಕೊಳವೆಯ ಒಳಗೆ ಹೋಗುವ ಮೊದಲೇ ತಡೆಯಬೇಕು. ನಿಮ್ಮಂಥ ಟೆಲಿಸ್ಕೋಪಿಗೆ ಸುಲಭವಾದದ್ದು ಸೋಲಾರ್ ಫಿಲ್ಮ್. ಬಾಡರ್ ಕಂಪನಿಯ ಆಸ್ಟ್ರೋಸೋಲಾರ್ ಫಿಲ್ಮ್ ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಎ4 ಅಳತೆಯ ಒಂದು ಹಾಳೆಯಲ್ಲಿ ನಿಮಗೆ ಎರಡು ಫಿಲ್ಟರ್ ಆಗುತ್ತವೆ. ಅದರಲ್ಲಿ ಎರಡು ಬಗೆ ಇದೆ, ಕೊಳ್ಳುವಾಗ ನೋಡಿ ಕೊಳ್ಳಿ. ಡೆನ್ಸಿಟಿ 5 ಅಂದರೆ ಲಕ್ಷದಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಒಳಗೆ ಬಿಡುವುದು. ಇದರಲ್ಲಿ ಕಣ್ಣಿಟ್ಟು ನೋಡಬಹುದು, ಫೋಟೋನೂ ತೆಗೆಯಬಹುದು. ಡೆನ್ಸಿಟಿ 3.8 ಬರೀ ಕ್ಯಾಮೆರಾಗೆ. ಅದು ಸುಮಾರು 16 ಪಟ್ಟು ಜಾಸ್ತಿ ಬೆಳಕು ಬಿಡುತ್ತದೆ, ಕಣ್ಣಿಗೆ ಖಂಡಿತ ಸಲ್ಲದು. ಫೋಟೋಗೆ 3.8 ಚೆನ್ನ ಎಂದು ಹೇಳುವವರಿದ್ದಾರೆ, ತಪ್ಪೇನಲ್ಲ. ಆದರೆ ಮಕ್ಕಳು ಓಡಾಡುವ ಜಾಗದಲ್ಲಿ ಅದು ಇರಲೇಬಾರದು. ನೀವು 5 ತೆಗೆದುಕೊಳ್ಳಿ.

ಎಕ್ಸ್‌ರೇ ಫಿಲ್ಮ್, ಸಿ.ಡಿ., ಮಸಿ ಹಿಡಿಸಿದ ಗಾಜು ಯಾವುದೂ ಬೇಡ. ಗ್ರಹಣದ ಕನ್ನಡಕದ ಹಾಳೆ ಬರಿಗಣ್ಣಿಗೆ ಮಾತ್ರ ಮಾಡಿದ್ದು. ಅದನ್ನು ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ನೋಡಿದರೆ ಕನ್ನಡಕ ಮೊದಲು ಸುಡುತ್ತದೆ, ಆಮೇಲೆ ಕಣ್ಣು.

ಫಿಲ್ಟರಿನ ಚೌಕಟ್ಟನ್ನು ದಪ್ಪ ರಟ್ಟಿನಿಂದ ನೀವೇ ಮಾಡಬಹುದು. ಟೆಲಿಸ್ಕೋಪಿನ ಮೂತಿಗೆ ಬಿಗಿಯಾಗಿ ಕೂರುವ ಒಂದು ಬಳೆ, ಅದರ ಮೇಲೆ ಎರಡು ರಟ್ಟಿನ ನಡುವೆ ಫಿಲ್ಮ್. ಫಿಲ್ಮನ್ನು ತಮಟೆಯ ಚರ್ಮದ ಹಾಗೆ ಎಳೆದು ಬಿಗಿಯಬೇಡಿ. ಸ್ವಲ್ಪ ಸುಕ್ಕಿದ್ದರೆ ಚಿತ್ರ ಕೆಡುವುದಿಲ್ಲ, ಎಳೆದು ಕಟ್ಟಿದರೆ ಕೆಡುತ್ತದೆ. ಪ್ರತಿ ಸಲ ಹಾಕುವ ಮುಂಚೆ ಟಾರ್ಚಿಗೆ ಅಡ್ಡ ಹಿಡಿದು ತೂತು ಇದೆಯಾ ನೋಡಿ. ಒಂದು ತೂತು ಕಂಡರೂ ಆ ತುಂಡು ಎಸೆಯಿರಿ. ಹಾಕಿದ ಮೇಲೆ ಮೂರು ಕಡೆ ಟೇಪ್ ಅಂಟಿಸಿ. ನಿಮ್ಮ ಕಡೆಯ ಗಾಳಿಗೆ ರಟ್ಟಿನ ಟೋಪಿ ಹಾರಿಹೋಗುವುದು ಏನು ದೊಡ್ಡ ಮಾತಲ್ಲ.

ಪಕ್ಕದಲ್ಲಿರುವ ಪುಟ್ಟ ಫೈಂಡರ್ ಟೆಲಿಸ್ಕೋಪನ್ನು ಬಿಚ್ಚಿ ಒಳಗಿಟ್ಟುಬಿಡಿ. ಅದಕ್ಕೆ ಫಿಲ್ಟರ್ ಇರುವುದಿಲ್ಲ. ದೊಡ್ಡದಕ್ಕೆ ಫಿಲ್ಟರ್ ಹಾಕಿ ಫೈಂಡರನ್ನು ಮರೆಯುವವರು ಬೇಕಾದಷ್ಟು ಜನ. ಹಾಗಾದರೆ ಸೂರ್ಯನನ್ನು ಹುಡುಕುವುದು ಹೇಗೆ? ನೆಲದ ಮೇಲೆ ಬಿದ್ದ ಟೆಲಿಸ್ಕೋಪಿನ ನೆರಳು ನೋಡಿ. ಕೊಳವೆಯ ನೆರಳು ಗಿಡ್ಡವಾಗುತ್ತಾ ಬಂದು ಬರೀ ಒಂದು ದುಂಡು ಉಳಿಯುವವರೆಗೆ ಅಲ್ಲಾಡಿಸಿ. ಆಗ ಐಪೀಸಿನಲ್ಲಿ ಸೂರ್ಯ ಇರುತ್ತಾನೆ.

ಇನ್ನು 8 ಇಂಚಿನ ಟೆಲಿಸ್ಕೋಪ್. ಬೇಡ. ರಾತ್ರಿಯ ಆಕಾಶಕ್ಕೆ ಬೇಕಿದ್ದರೆ ಖಂಡಿತ ಕೊಳ್ಳಿ. ಸೌರಕಲೆಗೆಂದು ಮಾತ್ರ ದುಡ್ಡು ಹಾಕಬೇಡಿ.

ರಾತ್ರಿ ಆಕಾಶ ನೋಡುವವರಿಗೆ ಬೆಳಕಿನದೇ ಬರ. ನೆಬ್ಯುಲಾ, ಗೆಲಾಕ್ಸಿಗಳಿಂದ ಬರುವ ಬೆಳಕು ಅಷ್ಟು ಕಡಿಮೆ. ಅದಕ್ಕೇ ದೊಡ್ಡ ಕನ್ನಡಿ ಬೇಕು. ಸೂರ್ಯನ ವಿಷಯ ಪೂರ್ತಿ ಉಲ್ಟಾ. ಬಂದ ಬೆಳಕಿನಲ್ಲಿ ಲಕ್ಷಕ್ಕೆ ಒಂದು ಪಾಲು ಇಟ್ಟುಕೊಂಡು ಉಳಿದಿದ್ದನ್ನೆಲ್ಲ ಎಸೆಯುತ್ತೇವೆ. ಹಾಗಿರುವಾಗ ದೊಡ್ಡ ಬಾಯಿಯಿಂದ ಬರುವ ಲಾಭ ಒಂದೇ, ಸೂಕ್ಷ್ಮ ವಿವರ. ಆ ವಿವರವನ್ನು ಹಗಲಿನ ಗಾಳಿ ನಿಮಗೆ ದಕ್ಕಲು ಬಿಡುವುದಿಲ್ಲ.

ಲೆಕ್ಕ ನೋಡಿ. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಆರ್ಕ್ ಸೆಕೆಂಡ್. ನಿಮ್ಮ 70 ಮಿ.ಮೀ. ಲೆನ್ಸ್ ಸುಮಾರು 1.7 ಆರ್ಕ್ ಸೆಕೆಂಡಿನಷ್ಟು ಸಣ್ಣ ವಿವರವನ್ನು ಬಿಡಿಸಿ ತೋರಿಸಬಲ್ಲದು. ಸೂರ್ಯನ ಮೇಲೆ ಅದು ಸುಮಾರು 1200 ಕಿ.ಮೀ. ಭೂಮಿಯನ್ನು ಅಲ್ಲಿಟ್ಟರೆ 17.6 ಆರ್ಕ್ ಸೆಕೆಂಡ್ ಅಗಲ ಕಾಣುತ್ತದೆ. ಅಂದರೆ ಭೂಮಿಯ ಹತ್ತನೇ ಒಂದು ಭಾಗದಷ್ಟು ಚಿಕ್ಕ ವಿವರ ನಿಮ್ಮ ಸಣ್ಣ ಟೆಲಿಸ್ಕೋಪಿನ ಕೈಗೆಟುಕುವ ಮಾತು. 8 ಇಂಚಿಗೆ 0.6 ಆರ್ಕ್ ಸೆಕೆಂಡ್ ಕಾಣಬೇಕು, ಪುಸ್ತಕದ ಪ್ರಕಾರ. ಆದರೆ ಬಿಸಿಲಲ್ಲಿ ಕಾದ ಗಾಳಿ ಸಾಮಾನ್ಯವಾಗಿ ಎರಡು ಮೂರು ಆರ್ಕ್ ಸೆಕೆಂಡಿಗಿಂತ ಸಣ್ಣದನ್ನೆಲ್ಲ ಕಲಸಿಬಿಡುತ್ತದೆ. ದೊಡ್ಡ ಟೆಲಿಸ್ಕೋಪಿನಲ್ಲಿ ಆಗ ಸಿಗುವುದು ಅದೇ ಕಲಸುಮೇಲೋಗರದ ದೊಡ್ಡ ಚಿತ್ರ.

ಕೊಡೈಕೆನಾಲ್ ಸೌರ ವೀಕ್ಷಣಾಲಯದ ಉದಾಹರಣೆ ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೇ ಈಗ ಅದನ್ನು ನಡೆಸುತ್ತದೆ. ಅಲ್ಲಿ 1904ರಿಂದ ಮೋಡ ಇಲ್ಲದ ದಿನಗಳಲ್ಲೆಲ್ಲ ಸೂರ್ಯನ ಬಿಳಿ ಬೆಳಕಿನ ಫೋಟೋ ತೆಗೆಯುತ್ತಾ ಬಂದಿದ್ದಾರೆ. ಶುರುವಿನಲ್ಲಿ ಬಳಸಿದ್ದು 10 ಸೆಂ.ಮೀ. ಲೆನ್ಸು. 1918ರಲ್ಲಿ 15 ಸೆಂ.ಮೀ. ಲೆನ್ಸ್ ಹಾಕಿದರು. ಗಾಜಿನ ಪ್ಲೇಟಿನ ಮೇಲೆ ಸೂರ್ಯ ಸುಮಾರು 20 ಸೆಂ.ಮೀ. ಅಗಲ ಬರುತ್ತಿದ್ದ. ನೂರು ವರ್ಷಕ್ಕೂ ಮೀರಿದ ಆ ಸಂಗ್ರಹವನ್ನು ಈಗ ಡಿಜಿಟಲ್ ಮಾಡಿದ್ದಾರೆ. ಲೋಕದ ಸೌರವಿಜ್ಞಾನಿಗಳು ಅದನ್ನು ಬಳಸುತ್ತಾರೆ. ಅಷ್ಟೆಲ್ಲ ಕೆಲಸ ಆಗಿದ್ದು ಆರು ಇಂಚನ್ನೂ ದಾಟದ ಲೆನ್ಸಿನಲ್ಲಿ!

ಹಾಗಾದರೆ ನಿಮ್ಮ ಫೋಟೋ ಯಾಕೆ ಮಸುಕಾಯಿತು? ಒಂದು ಕಾರಣ ಆ ಗಾಜು. ಅದು ಒಳ್ಳೆಯ ಆಪ್ಟಿಕಲ್ ಗಾಜೇನಲ್ಲ. ಆದರೆ ದೊಡ್ಡ ತಪ್ಪಿತಸ್ಥರು ಬೇರೆ, ಮಧ್ಯಾಹ್ನ ಮತ್ತು ತಾರಸಿ. ಕಾದ ಡಾಂಬರು ರಸ್ತೆಯ ಮೇಲೆ ದೂರದ ಬಸ್ಸು ಅಲುಗಾಡಿ ಕಾಣುವುದನ್ನು ನೋಡಿರುತ್ತೀರಿ. ಕಾಂಕ್ರೀಟ್ ತಾರಸಿಯಿಂದಲೂ ಅದೇ ಥರ ಬಿಸಿಗಾಳಿ ಏಳುತ್ತಿರುತ್ತದೆ. ನೀವು ಅದರ ಮೂಲಕ ಸೂರ್ಯನನ್ನು ನೋಡುತ್ತಿದ್ದೀರಿ. ಹವ್ಯಾಸಿಗಳು ಗಾಳಿಯ ಈ ಸ್ಥಿತಿಗೆ ‘ಸೀಯಿಂಗ್’ ಅನ್ನುತ್ತಾರೆ. ಇವತ್ತು ಸೀಯಿಂಗ್ ಚೆನ್ನಾಗಿದೆ ಅಂದರೆ ಗಾಳಿ ನೆಮ್ಮದಿಯಾಗಿದೆ ಎಂದರ್ಥ. ಆಕಾಶ ನೀಲಿಯಾಗಿ ಹೊಳೆಯುತ್ತಿದ್ದರೆ ಸೀಯಿಂಗ್ ಚೆನ್ನಾಗಿರಬೇಕು ಅಂತೇನಿಲ್ಲ. ಎಷ್ಟೋ ಸಲ ತೆಳು ಮಂಜಿನ ಬೆಳಗ್ಗೆ ಸೂರ್ಯನ ಅಂಚು ಕೊರೆದಿಟ್ಟ ಹಾಗೆ ನಿಲ್ಲುತ್ತದೆ.

ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆಯೊಳಗೆ ಪ್ರಯತ್ನಿಸಿ. ಸೂರ್ಯ ತೀರ ಕೆಳಗಿದ್ದರೂ ಕಷ್ಟ, ಬೆಳಕು ದಪ್ಪ ವಾತಾವರಣ ದಾಟಿ ಬರಬೇಕು. ಮೇಲೇರಿದರೆ ನೆಲ ಕಾಯುತ್ತದೆ. ಇವೆರಡರ ನಡುವಿನ ಸಮಯ ನಮ್ಮದು. ತಾರಸಿ ಬಿಟ್ಟು ಮೈದಾನಕ್ಕೆ ಬನ್ನಿ. ಹುಲ್ಲು ಇರುವ ಕಡೆ ನಿಲ್ಲಿ. ಸೂರ್ಯ ಇರುವ ದಿಕ್ಕಿನಲ್ಲಿ ತಗಡಿನ ಛಾವಣಿ, ಸಿಮೆಂಟಿನ ಅಂಗಳ, ಬಿಸಿಯೂಟದ ಅಡುಗೆಮನೆಯ ಹೊಗೆ ಇರದ ಹಾಗೆ ನೋಡಿಕೊಳ್ಳಿ. ಹತ್ತಿರ ಕೆರೆ ಇದ್ದು ಅದರ ಪಶ್ಚಿಮ ದಡದಲ್ಲಿ ನಿಂತರೆ ಇನ್ನೂ ಒಳ್ಳೆಯದು, ಬೆಳಗ್ಗೆ ನೀರಿನ ಮೇಲಿಂದಲೇ ನೋಡಬಹುದು. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇ ಸಾಗರ ಕೆರೆಯ ನಡುವಿನ ನಡುಗಡ್ಡೆಯಲ್ಲಿ ಕಟ್ಟಿದ್ದು ಇದೇ ಕಾರಣಕ್ಕೆ. ನೀರು ನೆಲದ ಹಾಗೆ ಬೇಗ ಕಾಯುವುದಿಲ್ಲ. ಟೆಲಿಸ್ಕೋಪನ್ನು ಒಳಗಿನಿಂದ ತಂದ ಕೂಡಲೇ ಶುರುಮಾಡದೆ ಅರ್ಧ ಗಂಟೆ ಹೊರಗೆ ನೆರಳಿನಲ್ಲಿಡಿ.

ಚುಕ್ಕೆಯ ಪ್ರಶ್ನೆಗೆ ಬರೋಣ. ಟೆಲಿಸ್ಕೋಪನ್ನು ಸ್ವಲ್ಪ ಸರಿಸಿ, ಸೂರ್ಯ ಫ್ರೇಮಿನಲ್ಲಿ ಜಾಗ ಬದಲಿಸಲಿ. ಚುಕ್ಕೆ ಸೂರ್ಯನ ಜೊತೆಗೇ ಹೋದರೆ ಅದು ಸೂರ್ಯನದು. ಫ್ರೇಮಿನಲ್ಲಿ ಇದ್ದಲ್ಲೇ ಇದ್ದರೆ ದೂಳು. ಆಮೇಲೆ ಐಪೀಸನ್ನು ಮಾತ್ರ ತಿರುಗಿಸಿ. ಚುಕ್ಕೆಯೂ ತಿರುಗಿದರೆ ದೂಳು ಐಪೀಸಿನ ಮೇಲಿದೆ, ಇಲ್ಲದಿದ್ದರೆ ಫೋನಿನ ಲೆನ್ಸನ್ನು ಒರೆಸಿ. ನೀವು ಹೇಳಿದ್ದನ್ನು ನೋಡಿದರೆ ದೂಳೇ ಇರಬೇಕು. ದೂಳು ಸಾಮಾನ್ಯವಾಗಿ ಒಂದೇ ಬಣ್ಣದ ಮಸುಕು ಚುಕ್ಕೆ. ಸ್ವಲ್ಪ ದೊಡ್ಡ ಸೌರಕಲೆಗೆ ಎರಡು ಪದರ ಇರುತ್ತದೆ. ನಡುವೆ ಗಾಢ ಕಪ್ಪು, ಅದು ಅಂಬ್ರಾ. ಸುತ್ತ ಬೂದು ಬಣ್ಣದ ಅಂಚು, ಅದು ಪೆನಂಬ್ರಾ. ಈ ಎರಡು ಪದರ ಬೇರೆಬೇರೆಯಾಗಿ ಕಂಡರೆ ಫೋಕಸ್ ಸರಿಯಾಗಿದೆ ಎಂದೂ ತಿಳಿಯಬಹುದು.

ಫೋನಿನಲ್ಲಿ ತೆಗೆಯುವಾಗ ಎಲ್ಲರೂ ಎಡವುವುದು ಎಕ್ಸ್‌ಪೋಷರಿನಲ್ಲಿ. ಫ್ರೇಮಿನ ಬಹುಪಾಲು ಕಪ್ಪು ಆಕಾಶ. ಫೋನು ಅದನ್ನು ನೋಡಿ, ಓ ಕತ್ತಲಿದೆ ಎಂದುಕೊಂಡು ಬೆಳಕು ಏರಿಸುತ್ತದೆ. ಸೂರ್ಯ ಬೆಳ್ಳಗೆ ಉರಿದು, ಇದ್ದ ಕಲೆಯೂ ಮುಳುಗಿಹೋಗುತ್ತದೆ. ಆದ್ದರಿಂದ ಸೂರ್ಯನ ಅಂಚಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ. ನಂತರ ಬೆಳಕನ್ನು ಇಳಿಸಿ. ಬಿಲ್ಲೆಯ ನಡುಭಾಗಕ್ಕಿಂತ ಅಂಚು ಸ್ವಲ್ಪ ಕಪ್ಪಾಗಿ ಕಾಣಬೇಕು. ಸೂರ್ಯ ನಿಜಕ್ಕೂ ಹಾಗೇ ಇರುವುದು, ಅಂಚಿನಲ್ಲಿ ನಾವು ಮೇಲಿನ ತಂಪು ಪದರವನ್ನು ನೋಡುತ್ತೇವೆ. ಅಂಚು ಮತ್ತು ನಡು ಒಂದೇ ಬಿಳುಪಾಗಿದ್ದರೆ ಎಕ್ಸ್‌ಪೋಷರ್ ಜಾಸ್ತಿಯಾಗಿದೆ. ಪ್ರೋ ಮೋಡ್ ಇದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಅತಿ ಕಡಿಮೆ ಇಡಿ. ಎಐ ಎಂದು ಏನೇನು ಬರೆದಿದೆಯೋ ಎಲ್ಲವನ್ನೂ ಆಫ್ ಮಾಡಿ. ಇಲ್ಲದ ಗೆರೆಗಳನ್ನು ಫೋನೇ ಬರೆದುಕೊಡುವುದು ನಮಗೆ ಬೇಡ. ಕೈಯಲ್ಲಿ ಹಿಡಿಯದೆ ಐಪೀಸಿಗೆ ಬಿಗಿಯುವ ಫೋನ್ ಹೋಲ್ಡರ್ ತೆಗೆದುಕೊಳ್ಳಿ, ಮೂರು ಸೆಕೆಂಡಿನ ಟೈಮರ್ ಇಡಿ. 25 ಮಿ.ಮೀ. ಐಪೀಸಿನಲ್ಲಿ ಸೂರ್ಯ ಚಿಕ್ಕದಾಗಿ ಬರುತ್ತಾನೆ. 10 ಮಿ.ಮೀ. ಹಾಕಿದರೆ ನಿಮಗೆ 70 ಪಟ್ಟು ಸಿಗುತ್ತದೆ, ಬಿಲ್ಲೆ ಪೂರ್ತಿ ಹಿಡಿಸುತ್ತದೆ. ಅದಕ್ಕಿಂತ ಮುಂದೆ ಹೋಗುವುದು ಬೇಡ.

ಫೋಕಸ್ ಮಾಡಲು ಬಿಸಿಲಿನಲ್ಲಿ ಸ್ಕ್ರೀನ್ ಕಾಣುವುದಿಲ್ಲ. ತಲೆ ಮೇಲೆ ಕಪ್ಪು ಬಟ್ಟೆ ಹೊದ್ದುಕೊಳ್ಳಿ, ಹಳೆ ಕಾಲದ ಸ್ಟುಡಿಯೋ ಫೋಟೋಗ್ರಾಫರ್ ಮಾಡುತ್ತಿದ್ದಂತೆ. ಮಕ್ಕಳು ನಗುತ್ತಾರೆ, ನಗಲಿ. ಮೊದಲು ಸೂರ್ಯನ ಅಂಚನ್ನು ನೋಡಿ ಹತ್ತಿರಕ್ಕೆ ಬನ್ನಿ, ಕೊನೆಗೆ ಕಲೆಯನ್ನೇ ನೋಡಿ ಸರಿಮಾಡಿ. ಹತ್ತು ನಿಮಿಷಕ್ಕೊಮ್ಮೆ ಮತ್ತೆ ನೋಡಬೇಕು, ಬಿಸಿಲಿಗೆ ಕೊಳವೆ ಹಿಗ್ಗಿ ಫೋಕಸ್ ಜಾರುತ್ತದೆ.

ಗೆಳೆಯರ ಡಿಎಸ್‌ಎಲ್‌ಆರ್ ಸಿಕ್ಕರೆ ಇನ್ನೂ ಚೆನ್ನ. ಕ್ಯಾಮೆರಾದ ಲೆನ್ಸ್ ತೆಗೆದು, ಟಿ-ರಿಂಗ್ ಎಂಬ ಜೋಡಣೆಯ ಬಳೆ ಹಾಕಿ, ಬಾಡಿಯನ್ನು ನೇರ ಟೆಲಿಸ್ಕೋಪಿಗೆ ಜೋಡಿಸಬೇಕು. ಆಗ ಟೆಲಿಸ್ಕೋಪೇ ಲೆನ್ಸ್. ಸೆನ್ಸರಿನ ಮೇಲೆ ಸೂರ್ಯ ಎಷ್ಟು ದೊಡ್ಡದಾಗಿ ಬೀಳುತ್ತಾನೆ ಎಂಬ ಲೆಕ್ಕ ಸುಲಭ. ಸೂರ್ಯ ನಮ್ಮಿಂದ ತನ್ನ ಅಗಲದ ಸುಮಾರು 107ರಷ್ಟು ದೂರದಲ್ಲಿದ್ದಾನೆ. ಹಾಗಾಗಿ ಫೋಕಲ್ ಲೆಂತನ್ನು 107ರಿಂದ ಭಾಗಿಸಿ. ನಿಮ್ಮ 700 ಮಿ.ಮೀ.ಗೆ 6.5 ಮಿ.ಮೀ. ಬರುತ್ತದೆ. ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸರ್ ಸುಮಾರು 22 × 15 ಮಿ.ಮೀ. ಇರುತ್ತದೆ. ಅದರಲ್ಲಿ 6.5 ಚಿಕ್ಕದಾಯಿತು. ನಡುವೆ ಬಿಂಬವನ್ನು ಹಿಗ್ಗಿಸುವ ಒಂದು 2 ಪಟ್ಟಿನ ಬಾರ್ಲೋ ಲೆನ್ಸ್ ಹಾಕಿ, 13 ಮಿ.ಮೀ. ಆಗುತ್ತದೆ. 15ರಲ್ಲಿ 13 ಅಂದರೆ ಅಳೆದು ಹೊಲಿಸಿದ ಅಂಗಿ. ನಾಲ್ಕು ಮೈಕ್ರಾನ್ ಪಿಕ್ಸೆಲ್ ಎಂದು ಹಿಡಿದರೆ ಒಂದು ಪಿಕ್ಸೆಲ್ಲಿಗೆ 0.6 ಆರ್ಕ್ ಸೆಕೆಂಡ್. ನಿಮ್ಮ ಲೆನ್ಸ್ ಕೊಡಬಲ್ಲ ವಿವರವೆಲ್ಲ ಇದರಲ್ಲಿ ದಾಖಲಾಗುತ್ತದೆ. ಆ ಫೋಟೋದಲ್ಲಿ ಭೂಮಿ ಇದ್ದಿದ್ದರೆ 30 ಪಿಕ್ಸೆಲ್ ಅಗಲ ಇರುತ್ತಿತ್ತು. ಕಲೆಯ ಪಕ್ಕ 30 ಪಿಕ್ಸೆಲ್ಲಿನ ಒಂದು ನೀಲಿ ದುಂಡು ಬರೆದು ಮಕ್ಕಳಿಗೆ ತೋರಿಸಿ ನೋಡಿ.

ಸೆಟ್ಟಿಂಗ್ ಹೀಗೆ ಶುರುಮಾಡಿ: ಐಎಸ್‌ಒ 100, ಬಾರ್ಲೋ ಇಲ್ಲದಿದ್ದರೆ 1/500 ಸೆಕೆಂಡ್. ಬಾರ್ಲೋ ಹಾಕಿದರೆ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ, ಆಗ 1/125 ಬೇಕು. ನಾನಾದರೆ ಐಎಸ್‌ಒ 200 ಮಾಡಿ 1/250 ಇಡುತ್ತೇನೆ. ಎಕ್ಸ್‌ಪೋಷರ್ ಚಿಕ್ಕದಾದಷ್ಟೂ ಗಾಳಿಯ ಕುಣಿತ ಹೆಪ್ಪುಗಟ್ಟುತ್ತದೆ. ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಮುಕ್ಕಾಲರ ಹತ್ತಿರ ನಿಲ್ಲಲಿ, ಬಲಗೋಡೆಗೆ ತಾಗಬಾರದು. ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲ್ ತೆಗೆಯಿರಿ. ಲೈವ್ ವ್ಯೂ ಹಾಕಿಕೊಂಡೇ ತೆಗೆದರೆ ಒಳಗಿನ ಕನ್ನಡಿ ಬಡಿಯುವ ನಡುಕವೂ ಇರುವುದಿಲ್ಲ.

ನಿಮ್ಮದು ಎರಡು ಗಾಜಿನ ಸಾಮಾನ್ಯ ಆಕ್ರೋಮ್ಯಾಟ್. ಅದು ಎಲ್ಲ ಬಣ್ಣವನ್ನೂ ಒಂದೇ ಜಾಗದಲ್ಲಿ ಫೋಕಸ್ ಮಾಡುವುದಿಲ್ಲ. ಹಸಿರಿನಲ್ಲಿ ಬಹಳ ಚೂಪು, ನೀಲಿಯಲ್ಲಿ ಮಸುಕು. ಆದ್ದರಿಂದ ಕಂಪ್ಯೂಟರಿನಲ್ಲಿ ಹಸಿರು ಚಾನೆಲ್ ಒಂದನ್ನೇ ಇಟ್ಟುಕೊಂಡು ಕಪ್ಪುಬಿಳುಪು ಮಾಡಿ. ಒಂದು ಪೈಸೆ ಖರ್ಚಿಲ್ಲದೆ ಚಿತ್ರ ಎಷ್ಟೋ ಚೂಪಾಗುತ್ತದೆ. ಬಿಳಿ ಬೆಳಕಿನ ಸೂರ್ಯನಿಗೆ ಬಣ್ಣದ ಅಗತ್ಯವೇ ಇಲ್ಲ. ಜಾಲತಾಣಗಳಲ್ಲಿ ಕಾಣುವ ಕಿತ್ತಳೆ ಸೂರ್ಯನಿಗೆ ಆಮೇಲೆ ಬಣ್ಣ ಹಚ್ಚಿರುತ್ತಾರೆ. ಹಚ್ಚುವುದು ತಪ್ಪಲ್ಲ, ಆದರೆ ವಿಜ್ಞಾನದ ಮೇಷ್ಟ್ರು ಸೂರ್ಯನನ್ನು ಬಿಳಿಯಾಗಿ ತೋರಿಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಗಾಳಿಯನ್ನು ಇನ್ನಷ್ಟು ಗೆಲ್ಲಬೇಕೆಂದರೆ ಒಂದು ಫೋಟೋ ಸಾಲದು, ವಿಡಿಯೋ ಬೇಕು. ಕುದಿಯುವ ಗಾಳಿಯ ನಡುವೆಯೂ ಆಗಾಗ ಒಂದೊಂದು ಕ್ಷಣ ಎಲ್ಲ ನಿಚ್ಚಳವಾಗುತ್ತದೆ. ಐಪೀಸಿನಲ್ಲಿ ಸ್ವಲ್ಪ ಹೊತ್ತು ನೋಡಿದವರಿಗೆ ಇದು ಗೊತ್ತು. ಒಂದು ನಿಮಿಷದ ವಿಡಿಯೋದಲ್ಲಿ ಸಾವಿರಕ್ಕೂ ಮೀರಿ ಫ್ರೇಮ್ ಇರುತ್ತವೆ. ಆಟೋಸ್ಟ್ಯಾಕರ್ಟ್ ಎಂಬ ಉಚಿತ ಸಾಫ್ಟ್‌ವೇರ್ ಅವುಗಳನ್ನು ಚೂಪಿನ ಲೆಕ್ಕದಲ್ಲಿ ಸಾಲಾಗಿ ಜೋಡಿಸಿ, ಒಳ್ಳೆಯ ನೂರೋ ಇನ್ನೂರೋ ಫ್ರೇಮನ್ನು ಮಾತ್ರ ಒಂದರ ಮೇಲೊಂದು ಕೂರಿಸಿ ಒಂದೇ ಚಿತ್ರ ಮಾಡುತ್ತದೆ. ಫೋನಿನ ವಿಡಿಯೋ ಅದಕ್ಕೆ ಹಿಡಿಸದಿದ್ದರೆ ಮೊದಲು ಪಿಪ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರಿನಲ್ಲಿ ಬದಲಿಸಿಕೊಳ್ಳಿ. ಕೊನೆಗೆ ರೆಜಿಸ್ಟ್ಯಾಕ್ಸ್ ಅಥವಾ ಇಂಪಿಪಿಜಿಯಲ್ಲಿ ಸ್ವಲ್ಪ ಚೂಪು ಮಾಡಿ. ಸ್ವಲ್ಪ ಮಾತ್ರ. ಕಲೆಯ ಸುತ್ತ ಬಿಳಿ ಉಂಗುರ ಬಂತೆಂದರೆ ಕೈ ಮೀರಿದೆ ಎಂದು ಲೆಕ್ಕ.

ವಿಡಿಯೋ ಎಷ್ಟು ಉದ್ದ ಇರಬಹುದು? ಸೂರ್ಯನ ನಡುಭಾಗದಲ್ಲಿ ಕಲೆ ತಿರುಗುತ್ತಾ ಒಂದು ಆರ್ಕ್ ಸೆಕೆಂಡ್ ಸರಿಯಲು ಆರು ನಿಮಿಷಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಒಂದೆರಡು ನಿಮಿಷಕ್ಕೆ ಏನೂ ತೊಂದರೆ ಇಲ್ಲ. ಮೋಟಾರ್ ಇರುವ ಸ್ಟ್ಯಾಂಡೂ ಬೇಡ. ಸೂರ್ಯ ಫ್ರೇಮಿನಿಂದ ಜಾರಿದರೆ ಮತ್ತೆ ನಡುವಿಗೆ ತಂದುಕೊಳ್ಳಿ, ಉಳಿದಿದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ.

ಇಷ್ಟಾದರೆ ಏನು ಕಾಣುತ್ತದೆ? ಅಂಬ್ರಾ, ಪೆನಂಬ್ರಾ ಖಂಡಿತ. ಅಂಚಿನ ಹತ್ತಿರ ಬಿಳಿ ನೂಲಿನಂಥ ಹೊಳಪು ಗೆರೆಗಳು, ಅವು ಫ್ಯಾಕ್ಯುಲೆ. ಗಾಳಿ ತುಂಬ ಚೆನ್ನಾಗಿರುವ ಬೆಳಗ್ಗೆ ಇಡೀ ಮೇಲ್ಮೈಯಲ್ಲಿ ಸಣ್ಣ ಕಾಳುಗಳ ಹರವು ಕಾಣಬಹುದು. ಒಂದೊಂದು ಕಾಳೂ ಸಾವಿರ ಕಿ.ಮೀ. ಮೀರಿದ ಬಿಸಿ ಅನಿಲದ ಉಕ್ಕು, ಹತ್ತು ನಿಮಿಷದ ಆಸುಪಾಸಿನಲ್ಲಿ ಹುಟ್ಟಿ ಅಳಿಸಿಹೋಗುತ್ತದೆ. 70 ಮಿ.ಮೀ.ಗೆ ಅದು ಗಡಿಯ ಮೇಲಿನ ಆಟ.

ಕಲೆ ಕಪ್ಪೇನೂ ಅಲ್ಲ, ಇದನ್ನು ಮಕ್ಕಳಿಗೆ ಹೇಳಿ. ಸೂರ್ಯನ ಮೇಲ್ಮೈ ಸುಮಾರು 5,770 ಕೆಲ್ವಿನ್. ಅಂಬ್ರಾ 4,000 ಕೆಲ್ವಿನ್ ಆಸುಪಾಸು. ಅಕ್ಕಪಕ್ಕಕ್ಕೆ ಹೋಲಿಸಿದರೆ ಮಂಕು, ಅಷ್ಟೇ. ಅಲ್ಲಿನ ಬಲವಾದ ಕಾಂತಕ್ಷೇತ್ರ ಒಳಗಿನ ಬಿಸಿ ಮೇಲೆ ಬರದಂತೆ ತಡೆಯುತ್ತದೆ. ಅಮೆರಿಕದ ಜಾರ್ಜ್ ಎಲರಿ ಹೇಲ್ 1908ರಲ್ಲಿ ಈ ಕಾಂತಕ್ಷೇತ್ರವನ್ನು ಪತ್ತೆ ಹಚ್ಚಿದರು. ಮರುವರ್ಷವೇ, 1909ರ ಜನವರಿಯಲ್ಲಿ, ಕೊಡೈಕೆನಾಲಿನಲ್ಲಿ ಜಾನ್ ಎವರ್‌ಶೆಡ್ ಪೆನಂಬ್ರಾದಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಅದನ್ನು ಇವತ್ತಿಗೂ ಎವರ್‌ಶೆಡ್ ಎಫೆಕ್ಟ್ ಎಂದೇ ಕರೆಯುತ್ತಾರೆ.

ಒಂದು ಒಳ್ಳೆಯ ಫೋಟೋಗಿಂತ ಹದಿನೈದು ಸಾಧಾರಣ ಫೋಟೋಗಳ ಸಾಲು ನನಗೆ ಇಷ್ಟ. ದಿನಾ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ, ಕ್ಯಾಮೆರಾವನ್ನು ಒಂದೇ ಕೋನದಲ್ಲಿ ಇಟ್ಟು ತೆಗೆಯಿರಿ. ಭೂಮಿಯಿಂದ ನೋಡಿದಾಗ ಸೂರ್ಯ ಒಂದು ಸುತ್ತು ಬರಲು ಸುಮಾರು 27 ದಿನ. ಹಾಗಾಗಿ ಕಲೆಯೊಂದು ಪೂರ್ವದ ಅಂಚಿನಿಂದ ಪಶ್ಚಿಮದ ಅಂಚಿಗೆ ಹೋಗಲು 13 ದಿನಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಅದು ಬೆಳೆಯುತ್ತದೆ, ಒಡೆಯುತ್ತದೆ, ಕರಗುತ್ತದೆ. ಅಂಚಿಗೆ ಬಂದಾಗ ಚಪ್ಪಟೆಯಾಗಿ ಕಾಣುತ್ತದೆ. ಸೂರ್ಯ ಬಿಲ್ಲೆಯಲ್ಲ, ಗೋಳ ಎಂಬುದಕ್ಕೆ ನಿಮ್ಮ ಮಕ್ಕಳ ಕೈಯಲ್ಲೇ ಸಾಕ್ಷಿ.

ದಿಕ್ಕು ಮಾತ್ರ ತಲೆತಿನ್ನುತ್ತದೆ. ಐಪೀಸಿನ ಮುಂದೆ ಓರೆಯಾಗಿ ಕೂರಿಸಿದ ಕನ್ನಡಿಯ ಡಯಾಗನಲ್ ಇದ್ದರೆ ಚಿತ್ರ ಎಡಬಲ ಅದಲುಬದಲಾಗಿರುತ್ತದೆ. ನೇರ ಕ್ಯಾಮೆರಾ ಹಾಕಿದರೆ ಬರೀ ತಲೆಕೆಳಗು. ಟೆಲಿಸ್ಕೋಪನ್ನು ಅಲ್ಲಾಡಿಸದೆ ಬಿಟ್ಟರೆ ಸೂರ್ಯ ಯಾವ ಕಡೆ ಜಾರುತ್ತಾನೋ ಅದು ಪಶ್ಚಿಮ. ಅನುಮಾನ ಇದ್ದರೆ ನಾಸಾದ ಎಸ್‌ಡಿಒ ಉಪಗ್ರಹ ಅದೇ ದಿನ ತೆಗೆದ ಚಿತ್ರದ ಪಕ್ಕ ಇಟ್ಟು ನೋಡಿ, ಅದು ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಪ್ರತಿ ಕಲೆಗುಂಪಿಗೂ ಒಂದು ಸಂಖ್ಯೆ ಇರುತ್ತದೆ. 2024ರ ಮೇ ತಿಂಗಳಲ್ಲಿ ಕಂಡ 13664 ಎಂಬ ಗುಂಪು ಭೂಮಿಯ ಹದಿನೈದು ಪಟ್ಟು ಉದ್ದವಿತ್ತು. ಬರೀ ಗ್ರಹಣದ ಕನ್ನಡಕದಲ್ಲೇ ಕಾಣುತ್ತಿತ್ತು. ಅದರ ಸ್ಫೋಟಗಳಿಂದಾಗಿ ಲಡಾಖಿನ ಹಾನ್ಲೆಯಲ್ಲೂ ರಾತ್ರಿ ಆಕಾಶ ಕೆಂಪಾಯಿತು.

ಸೌರಕಲೆಗಳು ಹೆಚ್ಚಿ ಮತ್ತೆ ಕಡಿಮೆಯಾಗುವ ಸುತ್ತಿಗೆ ಸೌರಚಕ್ರ ಅನ್ನುತ್ತಾರೆ. ಈಗ ನಡೆಯುತ್ತಿರುವುದು 25ನೆಯದು. 2019ರ ಡಿಸೆಂಬರಿನಲ್ಲಿ ಶುರುವಾಗಿ 2024ರ ಕೊನೆಯ ಹೊತ್ತಿಗೆ ತುದಿ ಮುಟ್ಟಿತು. ಇನ್ನು ಇಳಿಮುಖ. ಇಳಿಯುವಾಗಲೂ ದೊಡ್ಡ ಗುಂಪುಗಳು ಬರುತ್ತವೆ, ಆದರೆ ಸೂರ್ಯನ ಸಮಭಾಜಕಕ್ಕೆ ಹತ್ತಿರ ಹತ್ತಿರ. ಆಮೇಲೆ ಎಷ್ಟೋ ದಿನ ಒಂದೂ ಕಲೆ ಇಲ್ಲದ ಬೋಳು ಸೂರ್ಯ. ಅದಕ್ಕೇ ಹೇಳಿದ್ದು, 8 ಇಂಚಿಗೆ ದುಡ್ಡು ಕೂಡಿಡುತ್ತಾ ಕೂರಬೇಡಿ, ಇರುವುದರಲ್ಲಿ ಈಗಲೇ ಶುರುಮಾಡಿ.

ಮಕ್ಕಳಿಗೆ ತೋರಿಸುವ ಬಗ್ಗೆ. ಐಪೀಸಿನಿಂದ ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಿಸುವ ಹಳೆಯ ವಿಧಾನ ಒಂದಿದೆ. ಗೆಲಿಲಿಯೋನ ಶಿಷ್ಯ ಕಾಸ್ಟೆಲ್ಲಿ ಹೇಳಿಕೊಟ್ಟಿದ್ದು. ಚೆಂದವಾಗಿ ಕಾಣುತ್ತದೆ, ಒಟ್ಟಿಗೆ ಹತ್ತು ಜನ ನೋಡಬಹುದು. ಆದರೆ ಅದರಲ್ಲಿ ಮುಂದೆ ಫಿಲ್ಟರ್ ಇರುವುದಿಲ್ಲ. ಐಪೀಸಿನಿಂದ ಬರುವುದು ಸುಡುವ ಬೆಳಕು, ಪ್ಲಾಸ್ಟಿಕ್ ಭಾಗಗಳು ಕರಗಲೂಬಹುದು. ನಲವತ್ತು ಮಕ್ಕಳ ನೂಕುನುಗ್ಗಲಿನಲ್ಲಿ ಒಬ್ಬ ಬಗ್ಗಿ ಇಣುಕಿದರೂ ಮುಗಿಯಿತು. ಫಿಲ್ಮ್ ಹಾಕಿದ ಟೆಲಿಸ್ಕೋಪಿಗೆ ಫೋನ್ ಬಿಗಿದು, ಸ್ಕ್ರೀನಿನಲ್ಲೇ ತೋರಿಸಿ. ಟೆಲಿಸ್ಕೋಪಿನ ಪಕ್ಕದಿಂದ ನೀವು ಒಂದು ನಿಮಿಷವೂ ಕದಲಬೇಡಿ. ನೀರು ಕುಡಿಯಲು ಹೋಗಬೇಕಾದರೂ ಟೆಲಿಸ್ಕೋಪನ್ನು ಸೂರ್ಯನಿಂದ ತಿರುಗಿಸಿ ಮುಚ್ಚಳ ಹಾಕಿ ಹೋಗಿ.

ಹೈಡ್ರೋಜನ್ ಆಲ್ಫಾ ಟೆಲಿಸ್ಕೋಪ್ (ಹೈಡ್ರೋಜನ್ ಸೂಸುವ ಒಂದೇ ಕೆಂಪು ಬಣ್ಣದಲ್ಲಿ ಸೂರ್ಯನನ್ನು ತೋರಿಸುವಂಥದ್ದು) ಎಂದು ಯಾರಾದರೂ ಹೇಳಿದರೆ, ಅದು ಬೇರೆ ಲೋಕ, ಬೇರೆ ಬಜೆಟ್. ಒಂದೇ ಎಚ್ಚರ: ರಾತ್ರಿ ಆಕಾಶಕ್ಕೆಂದು ಮಾರುವ ಹೈಡ್ರೋಜನ್ ಆಲ್ಫಾ ಫಿಲ್ಟರನ್ನು ಸೂರ್ಯನತ್ತ ಹಿಡಿಯಬಾರದು.

ಕೊನೆಯದಾಗಿ, ಉಪಯೋಗ ಇದೆಯಾ ಎಂದು ಕೇಳಿದ್ದೀರಿ. ಚಿತ್ರದ ವಿವರದಲ್ಲಿ ನೀವು ಉಪಗ್ರಹಗಳ ಜೊತೆ ಸ್ಪರ್ಧಿಸಲಾಗದು, ನಮ್ಮ ಆದಿತ್ಯ ಎಲ್-1 ಕೂಡ ಮೇಲಿಂದ ನೋಡುತ್ತಲೇ ಇದೆ. ಆದರೆ ಎಣಿಕೆಗೆ ಬೆಲೆ ಇದೆ. ಸ್ವಿಟ್ಜರ್ಲೆಂಡಿನ ರುಡಾಲ್ಫ್ ವೋಲ್ಫ್ 19ನೇ ಶತಮಾನದ ನಡುವಿನಲ್ಲಿ ಮಾಡಿಟ್ಟ ಸೂತ್ರವನ್ನೇ ಈಗಲೂ ಬಳಸುತ್ತಾರೆ. ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಒಟ್ಟು ಕಲೆಗಳ ಸಂಖ್ಯೆ ಕೂಡಿಸಿ. ಮೂರು ಗುಂಪು, ಅವುಗಳಲ್ಲಿ ಒಟ್ಟು ಏಳು ಕಲೆ ಇದ್ದರೆ 37. ಒಂಟಿ ಕಲೆಯೂ ಒಂದು ಗುಂಪೇ, ಅಲ್ಲಿಗೆ 11 ಆಯಿತು. ಎಎವಿಎಸ್‌ಒ ಎಂಬ ಅಮೆರಿಕದ ನಕ್ಷತ್ರ ವೀಕ್ಷಕರ ಸಂಘದ ಸೌರ ವಿಭಾಗ ಹವ್ಯಾಸಿಗಳ ಇಂಥ ದಿನದ ಎಣಿಕೆಯನ್ನು ಸ್ವೀಕರಿಸುತ್ತದೆ. ಆ ಎಣಿಕೆಯನ್ನು ಫೋಟೋದಿಂದ ಮಾಡಬೇಡಿ. ಫಿಲ್ಮ್ ಹಾಕಿದ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ಮಾಡಿ, ಫೋಟೋ ಜೊತೆಗಿರಲಿ. ಎರಡರ ಪಕ್ಕದಲ್ಲೂ ತಾರೀಖು, ಗಂಟೆ, ಐಪೀಸ್ ಮತ್ತು ಸೀಯಿಂಗ್ ಹೇಗಿತ್ತು ಎಂಬುದನ್ನು ಬರೆದಿಡಿ. ಗಂಟೆಯನ್ನು ಅಂತರರಾಷ್ಟ್ರೀಯ ಸಮಯದಲ್ಲೂ ಬರೆಯಿರಿ, ನಮ್ಮ ಗಡಿಯಾರದಿಂದ ಐದೂವರೆ ತಾಸು ಕಳೆದರೆ ಆಯಿತು.